ಶೆಟ್ಟಿಹಳ್ಳಿಯ ಚರ್ಚು ಪಾಳುಬಿದ್ದುದು ಹೇಗೆ?

ಪ್ರಶ್ನೆ: ಶಿರಾಡಿ ಘಾಟಿಯ ಮೂಲಕ ಹಾಸನಕ್ಕೆ ಹೋಗಿದ್ದಾಗ ಶೆಟ್ಟಿಹಳ್ಳಿಯ ಪಾಳುಬಿದ್ದ ರೋಸರಿ ಚರ್ಚನ್ನು ನೋಡಿದೆವು. ಅದು 1784ರಲ್ಲಿ ಟಿಪ್ಪು ಸುಲ್ತಾನನು ಕೆಡವಿಸಿದ ಚರ್ಚುಗಳಲ್ಲೊಂದು ಎಂದು ಜೊತೆಗಿದ್ದ ಹಿರಿಯರು ಹೇಳಿದರು. ನಿಜವೇ?
– ಓದುಗರೊಬ್ಬರು, ಬಿಜೈ, ಮಂಗಳೂರು

ಉತ್ತರ: ನಿಜವಲ್ಲ. ಟಿಪ್ಪು ಮಡಿದದ್ದು 1799ರಲ್ಲಿ. ಶೆಟ್ಟಿಹಳ್ಳಿಯ ಚರ್ಚನ್ನು ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು 1860ರ ದಶಕದಲ್ಲಿ. ಗೊಂದಲಕ್ಕೆ ಹೆಸರೇ ಕಾರಣವಾಗಿರಬಹುದು. ನಿಮ್ಮೂರಿನ ಬೋಳಾರದ ರೊಜಾರಿಯೊ ಚರ್ಚು ಕೂಡ ಜಪಮಾಲೆ ಮಾತೆಗೇ ಅರ್ಪಿತವಾದುದು. ಪೋರ್ಚುಗೀಸರ ಕಾಲದಲ್ಲಿ, 1568ರಲ್ಲಿ ಸ್ಥಾಪನೆಯಾದ ಆ ಚರ್ಚು, ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ನೆಲಸಮವಾಯಿತು. 1680ರ ಮಿಲಾಗ್ರಿಸ್ ಚರ್ಚಿಗೂ ಅದೇ ಗತಿ. ಆದರೆ ಸೆರೆಯಿಂದ ಮರಳಿದವರು ಅವನ್ನು ಪಾಳುಬೀಳಲು ಬಿಡಲಿಲ್ಲ: ಮಿಲಾಗ್ರಿಸ್ 1811ರಲ್ಲಿ, ರೊಜಾರಿಯೊ 1813ರಲ್ಲಿ ಮತ್ತೆ ಎದ್ದು ನಿಂತವು. ಇಂದು ಕಾಣುವ ಕಟ್ಟಡಗಳು ಅವಕ್ಕಿಂತಲೂ ಈಚಿನವು.

ಶೆಟ್ಟಿಹಳ್ಳಿಯ ಚರ್ಚನ್ನು ಹಾಳುಗೆಡವಿದ್ದು ಯಾವ ದಂಡೂ ಅಲ್ಲ, ಹಿನ್ನೀರು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಮುಳುಗಡೆಯ ಹಳ್ಳಿಗಳ ಜನರು ಬೇರೆಡೆಗೆ ಹೋದರು, ಚರ್ಚು ಮಾತ್ರ ಅಲ್ಲೇ ಉಳಿಯಿತು. ಒಮ್ಮೆಗೇ ಮುಳುಗಿ ಶಾಶ್ವತವಾಗಿ ನೀರಿನಡಿಯೇ ಇದ್ದಿದ್ದರೆ ಅದು ಇಷ್ಟು ಬೇಗ ಶಿಥಿಲವಾಗುತ್ತಿರಲಿಲ್ಲವೇನೋ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಗೋಡೆಯ ಸುಣ್ಣದ ಗಾರೆ ನೆನೆದು ಸಡಿಲವಾಗುತ್ತದೆ. ಬೇಸಿಗೆಯಲ್ಲಿ ನೀರಿಳಿದ ಮೇಲೆ ಒಣಗಿ ಬಿರಿಯುತ್ತದೆ. ಚಾವಣಿ ಇಲ್ಲವಾದ್ದರಿಂದ ಮಳೆನೀರು ಗೋಡೆಯ ನೆತ್ತಿಯಿಂದಲೂ ಒಳಗಿಳಿಯುತ್ತದೆ. ಗಿಲಾವು ಕಳಚಿದ ಕಂಬಗಳ ಹತ್ತಿರ ನಿಂತರೆ ಇಟ್ಟಿಗೆಗಳ ನಡುವಿನ ಸಂದುಗಳು ಟೊಳ್ಳಾಗಿರುವುದು ಬರಿಗಣ್ಣಿಗೇ ಕಾಣುತ್ತದೆ.

ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಿಂದಲೇ ಕಟ್ಟಡ ಇನ್ನೂ ನಿಂತಿದೆ ಎಂಬ ಮಾತು ಅಲ್ಲಿಗೆ ಹೋದವರೆಲ್ಲರ ಬಾಯಲ್ಲೂ ಇದೆ. ಬೆಲ್ಲದ ಗಾರೆ ನಮ್ಮ ಕರಾವಳಿಯ ಹಳೆಯ ಮನೆಗಳಿಗೂ ಹೊಸತಲ್ಲ. ಅದನ್ನೊಂದು ಪವಾಡವೆಂಬಂತೆ ಹೇಳುವ ಅಗತ್ಯವಿಲ್ಲ. ಕೆಲವರು ಅಬ್ಬೆ ದ್ಯುಬುವಾನನ್ನೇ ಇದರ ನಿರ್ಮಾತೃವೆನ್ನುವುದುಂಟು. ಮೈಸೂರು ಸೀಮೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿದ ಆ ಪಾದ್ರಿ 1823ರಲ್ಲೇ ಭಾರತವನ್ನು ಬಿಟ್ಟು ಹೋಗಿದ್ದರು.

ಮತ್ತೊಮ್ಮೆ ಹೋಗುವುದಾದರೆ ಕಮಾನುಗಳ ಕೆಳಗೆ ನಿಲ್ಲಬೇಡಿರಿ. ಈಚಿನ ವರ್ಷಗಳಲ್ಲಿ ಗೋಡೆಯ ಕೆಲವು ಭಾಗಗಳು ಕುಸಿದಿವೆ.