ಕರದಂಟು ಹಡಗು ಹತ್ತಬಹುದೇ?

ಓದುಗರ ಪ್ರಶ್ನೆ – ಈ ಸಲ: ಮನೆಮಂದಿಯ ಕ್ರೂಸ್ ಪ್ರವಾಸ

ರಜೆಗೆ ಮೊದಲೆಲ್ಲ ಗೋವಾ, ಮಹಾಬಳೇಶ್ವರ ಎನ್ನುತ್ತಿದ್ದ ನಮ್ಮ ಭಾಗದ ಓದುಗರು ಈಗ ಮುಂಬೈ, ಸಿಂಗಾಪುರದಿಂದ ಹೊರಡುವ ಹಡಗುಗಳ ಬಗ್ಗೆ ಕೇಳತೊಡಗಿದ್ದಾರೆ. ಬಂದ ಪತ್ರಗಳಲ್ಲಿ ಬಹುಪಾಲು ‘ಹಡಗಿನಲ್ಲಿ ಏನೇನು ನೋಡಬೇಕು’ ಎಂಬವು. ಅದನ್ನು ಹಡಗಿನವರೇ ದಿನಾ ಚೀಟಿಯಲ್ಲಿ ಬರೆದು ತಿಳಿಸುತ್ತಾರೆ. ಮನೆ ಬಿಡುವ ಮೊದಲೇ ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆಗಳನ್ನು ಮಾತ್ರ ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಸಿಂಗಾಪುರದಿಂದ ಪೆನಾಂಗ್, ಫುಕೆಟ್‌ಗೆ ಹೋಗಿ ಬರುವ ಕ್ರೂಸ್ ಬುಕ್ ಆಗಿದೆ. ನಮ್ಮದು ಶುದ್ಧ ಶಾಕಾಹಾರ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು ಕಟ್ಟಿಕೊಂಡು ಹೋಗಬಹುದೇ?
– ಗೃಹಿಣಿ, ನವನಗರ, ಬಾಗಲಕೋಟೆ

ಉತ್ತರ: ನಿಮ್ಮ ಬುತ್ತಿ ಎರಡು ಬಾಗಿಲು ದಾಟಬೇಕು. ಒಂದು ದೇಶದ ಕಸ್ಟಮ್ಸ್, ಇನ್ನೊಂದು ಹಡಗಿನ ತಪಾಸಣೆ. ಎರಡರ ನಿಯಮವೂ ಬೇರೆ ಬೇರೆ.

ಹಡಗಿನವರು ಮನೆಯಲ್ಲಿ ಮಾಡಿದ ಅಡುಗೆಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಸಾವಿರಾರು ಜನ ಒಂದೇ ಛಾವಣಿಯ ಕೆಳಗೆ ಉಣ್ಣುವ ಜಾಗ, ಒಬ್ಬರ ಡಬ್ಬಿಯಿಂದ ಹೊಟ್ಟೆ ಕೆಟ್ಟರೂ ಹೆಸರು ಹಡಗಿನದೇ ಕೆಡುತ್ತದೆ. ಕಂಪನಿಯ ಪ್ಯಾಕಿನಲ್ಲಿದ್ದು ಸೀಲ್ ಒಡೆಯದ ಒಣ ತಿಂಡಿಗೆ ಹೆಚ್ಚಿನ ಹಡಗುಗಳಲ್ಲಿ ತಕರಾರಿಲ್ಲ. ಆದ್ದರಿಂದ ಕಟಕ ರೊಟ್ಟಿಯನ್ನು ಹಡಗು ಹತ್ತುವ ಮೊದಲೇ ಮುಗಿಸಿ. ಚಟ್ನಿ ಪುಡಿ ಬೇಕೇಬೇಕು ಎಂದರೆ ಅಂಗಡಿಯ ಸೀಲ್ ಪ್ಯಾಕೆಟ್ ತೆಗೆದುಕೊಳ್ಳಿ. ಮನೆಯ ಸ್ಟೀಲ್ ಡಬ್ಬಿ ಒಯ್ದರೆ ಸ್ಕ್ಯಾನರ್ ಹತ್ತಿರವೇ ಬಿಟ್ಟು ಹೋಗಬೇಕಾದೀತು.

ಕರದಂಟಿನ ಮಾತು ಇನ್ನೂ ಸೂಕ್ಷ್ಮ. ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ಗೋಡಂಬಿಗೆ ತೊಂದರೆಯಿಲ್ಲ. ಆದರೆ ಎಷ್ಟೋ ಕಡೆ ಅದಕ್ಕೆ ಗಸಗಸೆ ಹಾಕುತ್ತಾರೆ. ಗಸಗಸೆ ಎಂದರೆ ಅಫೀಮು ಗಿಡದ ಬೀಜ. ಅದರಲ್ಲಿ ಮಾರ್ಫಿನ್ ಅಂಶ ಲೇಶಮಾತ್ರ ಉಳಿದಿರಬಹುದು ಎಂಬ ಕಾರಣಕ್ಕೆ ಸಿಂಗಾಪುರದಲ್ಲಿ ಅಲ್ಲಿನ ಮಾದಕವಸ್ತು ನಿಯಂತ್ರಣ ಇಲಾಖೆಯ ಅನುಮತಿ ಇಲ್ಲದೆ ತರುವಂತಿಲ್ಲ. ದುಬೈ ಕಡೆಯಿಂದ ಕ್ರೂಸ್ ಹೋಗುವವರಿಗೂ ಇದೇ ಎಚ್ಚರಿಕೆ, ಅಲ್ಲಿ ಗಸಗಸೆ ಪೂರ್ತಿ ನಿಷೇಧ. ಪೆಟ್ಟಿಗೆಯ ಮೇಲಿನ ಪದಾರ್ಥಗಳ ಪಟ್ಟಿ ಓದಿ. ಪಟ್ಟಿಯೇ ಇಲ್ಲದ ಪೆಟ್ಟಿಗೆ ಬೇಡ. ಮಸಾಲಾ ಖಾರದ ಪುಡಿಯಲ್ಲೂ ಗಸಗಸೆ ಇರುತ್ತದೆ, ಅದು ಯಾರಿಗೂ ನೆನಪಾಗುವುದಿಲ್ಲ. ಮಕ್ಕಳ ಚೂಯಿಂಗ್ ಗಮ್, ಮನೆಯ ಹಿರಿಯರ ಗುಟ್ಕಾ, ಜಗಿಯುವ ತಂಬಾಕು ಇವಕ್ಕೂ ಸಿಂಗಾಪುರದಲ್ಲಿ ಪ್ರವೇಶವಿಲ್ಲ.

ಹಡಗಿನ ಊಟದ ಬಗ್ಗೆ: ಬುಕಿಂಗ್ ಮಾಡುವಾಗಲೇ ‘ಇಂಡಿಯನ್ ವೆಜಿಟೇರಿಯನ್’ ಎಂದು ಬರೆಸಿ, ಉಳ್ಳಾಗಡ್ಡಿ–ಬಳ್ಳೊಳ್ಳಿ ಬೇಡವಾದರೆ ‘ಜೈನ್’ ಎನ್ನಿ. ಬರೀ ‘ವೆಜಿಟೇರಿಯನ್’ ಎಂದರೆ ಮೊಟ್ಟೆ ಬಂದೀತು. ಮೊದಲ ರಾತ್ರಿಯೇ ಊಟದ ಹಾಲಿನ ಮುಖ್ಯ ವೇಟರ್‌ಗೆ ಹೇಳಿದರೆ ಮರುದಿನದ ಅಡುಗೆಯನ್ನು ಮುಂಚಿತವಾಗಿ ಮಾಡಿಸುತ್ತಾನೆ. ಬಫೆಯಲ್ಲಿ ತರಕಾರಿಯಂತೆ ಕಾಣುವ ಥಾಯ್, ಚೀನೀ ಪದಾರ್ಥಗಳಲ್ಲಿ ಮೀನಿನ ಸಾಸ್ ಅಥವಾ ಆಯ್ಸ್ಟರ್ ಸಾಸ್, ಜೆಲ್ಲಿ ಮತ್ತು ಪುಡಿಂಗಿನಲ್ಲಿ ಜೆಲಾಟಿನ್ ಇರುವುದು ಮಾಮೂಲು. ಕೇಳಿ ಬಡಿಸಿಕೊಳ್ಳಿ.

ಪ್ರಶ್ನೆ: ನಾವು ಮನಿಮಂದಿ ಆರು ಜನ ಇದ್ದೀವ್ರಿ. ಹಡಗ ಮುಂಬೈದಿಂದ ಸಂಜಿಗೆ ಬಿಡತದ. ಅವತ್ತ ಮುಂಜಾನಿ ಮುಂಬೈ ಮುಟ್ಟಿದ್ರ ನಡೀತದಲ್ರಿ?
– ಶಿಕ್ಷಕರು, ವಿಜಯಪುರ

ಉತ್ತರ: ನಡೀತದ, ಎಲ್ಲ ಸರಿ ಇದ್ದರ! ಆದರೆ ಬಸ್ಸು ತಡವಾದರೆ ಮುಂದಿನ ಬಸ್ಸಿದೆ, ಹಡಗಿಗೆ ಹಾಗಿಲ್ಲ. ಸಂಜೆ ಬಿಡುವ ಹಡಗಿನ ಚೆಕ್-ಇನ್ ಎಷ್ಟೋ ಹೊತ್ತು ಮೊದಲೇ ಮುಚ್ಚುತ್ತದೆ. ಟಿಕೆಟಿನಲ್ಲಿ ಮುದ್ರಿಸಿರುವುದು ಹಡಗು ಬಿಡುವ ವೇಳೆಯೋ ನೀವು ಬರಬೇಕಾದ ವೇಳೆಯೋ ಎಂದು ಮೊದಲು ನೋಡಿಕೊಳ್ಳಿ. ತಪ್ಪಿದರೆ ದುಡ್ಡು ವಾಪಸಾಗುವುದಿಲ್ಲ.

ನಿಮಗೆ ಒಂದು ಅನುಕೂಲವಿದೆ. ಬಾಗಲಕೋಟೆ, ವಿಜಯಪುರ, ಸೊಲ್ಲಾಪುರದ ಮೇಲೆ ಹೋಗುವ ಮುಂಬೈ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಗೇ (ಹಳೆಯ ವಿ.ಟಿ. ನಿಲ್ದಾಣ) ಮುಟ್ಟುತ್ತದೆ, ಅಲ್ಲಿಂದ ಬಲ್ಲಾರ್ಡ್ ಪಿಯರ್‌ನ ಕ್ರೂಸ್ ಟರ್ಮಿನಲ್ ಟ್ಯಾಕ್ಸಿಗೆ ಹತ್ತು ನಿಮಿಷದ ದಾರಿ. ಬೆಳಗಾವಿಯವರಿಗೆ ಮಿರಜ ದಾರಿಯ ರೈಲು ದಾದರ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ ಟರ್ಮಿನಲ್ಲಿಗೆ ಇನ್ನೂ ಹತ್ತು ಕಿಲೋಮೀಟರ್ ಟ್ರಾಫಿಕ್ ಉಂಟು. ಸ್ಲೀಪರ್ ಬಸ್ಸಾದರೆ ಸಾತಾರಾ, ಪುಣೆ, ಖಂಡಾಲಾ ಘಾಟು. ವಾರಾಂತ್ಯದಲ್ಲಿ ಆ ಘಾಟಿನಲ್ಲಿ ಒಂದು ಟ್ರಕ್ ಅಡ್ಡ ನಿಂತರೂ ಎರಡು ತಾಸು ಹೋಯಿತು. ಹಿಂದಿನ ದಿನವೇ ಹೋಗಿ ಒಂದು ರಾತ್ರಿ ಲಾಡ್ಜಿನಲ್ಲಿ ಉಳಿಯುವ ಖರ್ಚು ಆರು ಟಿಕೆಟ್ ಕಳೆದುಕೊಳ್ಳುವುದರ ಮುಂದೆ ಏನೇನೂ ಅಲ್ಲ.

ವಾಪಸು ಬರುವ ದಿನ ಹಡಗು ಬೆಳಗ್ಗೆ ಏಳಕ್ಕೆ ದಡ ಸೇರಿದರೂ ನಿಮ್ಮ ಸರದಿ ಬಂದು ಬ್ಯಾಗು ಸಿಕ್ಕಿ ಹೊರಬರುವಾಗ ಹತ್ತು–ಹನ್ನೊಂದಾಗುವುದುಂಟು. ಮಧ್ಯಾಹ್ನ ಎರಡರ ಮೊದಲಿನ ರೈಲು ಬುಕ್ ಮಾಡಬೇಡಿ. ದೇಶದೊಳಗಿನ ಪ್ರವಾಸಕ್ಕೆ ಆಧಾರ್‌ನಂಥ ಮೂಲ ಗುರುತಿನ ಚೀಟಿ ಮಕ್ಕಳಿಗೂ ಬೇಕು. ಟಿಕೆಟಿನ ಹೆಸರು ಮತ್ತು ಚೀಟಿಯ ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು.

ಪ್ರಶ್ನೆ: ಗಂಡ–ಹೆಂಡತಿ, ಎಂಟು ಮತ್ತು ಹನ್ನೆರಡು ವರ್ಷದ ಮಕ್ಕಳು. ಬಾಲ್ಕನಿ ಇರುವ ಒಂದು ಕ್ಯಾಬಿನ್ ಸಾಕೇ?
– ಬ್ಯಾಂಕ್ ಉದ್ಯೋಗಿ, ಶಹಾಪುರ, ಬೆಳಗಾವಿ

ಉತ್ತರ: ಸಾಕು, ಆದರೆ ಮೊದಲು ಅಳತೆ ಕೇಳಿ. ಸಾಧಾರಣ ಕ್ಯಾಬಿನ್ 120ರಿಂದ 180 ಚದರಡಿ, ಅಂದರೆ ಮನೆಯ ಒಂದು ಚಿಕ್ಕ ಕೋಣೆ. ಮೂರನೆಯವರಿಗೂ ನಾಲ್ಕನೆಯವರಿಗೂ ಗೋಡೆಯಿಂದ ಅಥವಾ ಸೂರಿನಿಂದ ಕೆಳಗಿಳಿಸುವ ಮಡಚು ಹಾಸಿಗೆ. ಅದು ಇಳಿದ ಮೇಲೆ ಓಡಾಡಲು ಜಾಗವೇ ಇರುವುದಿಲ್ಲ. ಸ್ನಾನದ ಮನೆ ಒಂದೇ, ಬೆಳಗ್ಗೆ ಎಂಟಕ್ಕೆ ನಾಲ್ವರೂ ಸಾಲು.

ಬೆಲೆಯ ಲೆಕ್ಕ ಹೀಗೆ: ಕ್ಯಾಬಿನ್ನಿನ ಮೊದಲ ಇಬ್ಬರಿಗೆ ಪೂರ್ತಿ ದರ, ಮೂರು–ನಾಲ್ಕನೆಯವರಿಗೆ ಕಡಿಮೆ. ಆದರೆ ಬಂದರು ಶುಲ್ಕ, ತೆರಿಗೆ, ಗ್ರಾಚುಯಿಟಿ (ಹಡಗಿನ ಸಿಬ್ಬಂದಿಗೆ ಕೊಡುವ ಟಿಪ್ಸ್) ಎಲ್ಲರ ತಲೆಗೂ ಬೀಳುತ್ತವೆ. ಬಾಲ್ಕನಿಯ ಒಂದು ಕ್ಯಾಬಿನ್ ಬದಲು ಎದುರುಬದುರಿನ ಎರಡು ಒಳ ಕ್ಯಾಬಿನ್‌ಗಳ ದರವನ್ನೂ ಒಮ್ಮೆ ಕೇಳಿ ನೋಡಿ. ವ್ಯತ್ಯಾಸ ಸಣ್ಣದಿದ್ದರೆ ಎರಡು ಕ್ಯಾಬಿನ್ನೇ ವಾಸಿ. ಸಮುದ್ರ ನೋಡಲು ಮೇಲಿನ ಡೆಕ್ ಪೂರ್ತಿ ಇದೆ. ಒಳ ಕ್ಯಾಬಿನ್ನಿಗೆ ಕಿಟಕಿಯಿಲ್ಲ, ದೀಪ ಆರಿಸಿದರೆ ಹಗಲಲ್ಲೂ ಕಾರ್ಗತ್ತಲು. ಮಕ್ಕಳು ಹೆದರದಂತೆ ಸ್ನಾನದ ಮನೆಯ ದೀಪ ಹಚ್ಚಿ ಬಾಗಿಲು ಬೆರಳಷ್ಟು ತೆರೆದಿಡಿ.

ಕ್ಯಾಬಿನ್ ಆರಿಸುವಾಗ ಡೆಕ್ಕಿನ ನಕ್ಷೆ ಕೇಳಿ ಮೇಲೂ ಕೆಳಗೂ ಏನಿದೆ ನೋಡಿ. ಈಜುಕೊಳದ ಡೆಕ್ಕಿನ ಕೆಳಗಾದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದು, ಥಿಯೇಟರಿನ ಮೇಲಾದರೆ ನಡುರಾತ್ರಿಯವರೆಗೆ ಡೋಲು. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಮಹಡಿ ಎಲ್ಲಕ್ಕಿಂತ ಶಾಂತ. ಇನ್ನೊಂದು ಸಣ್ಣ ಉಪಾಯ: ಕ್ಯಾಬಿನ್ನಿನ ಗೋಡೆ ಸಾಮಾನ್ಯವಾಗಿ ಉಕ್ಕಿನ ತಗಡು, ಅಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಒದ್ದೆ ಟವೆಲು, ಟೋಪಿ ಎಲ್ಲ ಗೋಡೆಗೆ ತೂಗುತ್ತವೆ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಕೆಟಲ್ ಒಯ್ಯಬೇಡಿ. ಬೆಂಕಿಯ ಭಯಕ್ಕೆ ಜಪ್ತಿ ಮಾಡಿ ಇಳಿಯುವಾಗ ಕೊಡುತ್ತಾರೆ.

ಪ್ರಶ್ನೆ: ಘಾಟಿನಲ್ಲಿ ಬಸ್ಸು ತಿರುಗಿದರೂ ನನಗೆ ವಾಂತಿ. ನಮಗೆ ರಜೆ ಸಿಗುವುದು ಜುಲೈನಲ್ಲಿ. ಹಡಗು ಆಗಿಬಂದೀತೇ?
– ಕಾಲೇಜು ಉಪನ್ಯಾಸಕಿ, ಗೋಕಾಕ

ಉತ್ತರ: ಜುಲೈಯಲ್ಲಿ ಅರಬ್ಬಿ ಸಮುದ್ರ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರಿನ ಅಲೆ ನೇರ ನಮ್ಮ ಪಶ್ಚಿಮ ಕರಾವಳಿಗೇ ಹೊಡೆಯುತ್ತದೆ. ಮುಂಬೈ–ಗೋವಾ–ಲಕ್ಷದ್ವೀಪದ ಕಡೆಗೆ ನವೆಂಬರ್‌ನಿಂದ ಫೆಬ್ರುವರಿ ಸಮುದ್ರ ಶಾಂತವಿರುವ ಕಾಲ. ನಿಮ್ಮಂಥವರು ಮೊದಲ ಸಲ ಎರಡು ರಾತ್ರಿಯ ಪ್ರವಾಸ ಮಾಡಿ ನೋಡಿ, ಒಗ್ಗಿದರೆ ಮುಂದಿನ ಮಾತು.

ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಇರಲಿ. ಎತ್ತಿನ ಬಂಡಿಯಲ್ಲಿ ಅಚ್ಚಿನ ಮೇಲೆ ಕೂತವನಿಗೂ ಹಿಂದಿನ ತುದಿಗೆ ಕಾಲು ಇಳಿಬಿಟ್ಟವನಿಗೂ ಒಂದೇ ಕುಲುಕು ಇರುತ್ತದೆಯೇ? ಹಡಗೂ ಹಾಗೆಯೇ, ಮುಂಭಾಗ ಎದ್ದು ಬೀಳುವಾಗ ನಡು ಅಷ್ಟಾಗಿ ಅಲುಗುವುದಿಲ್ಲ. ಏಜೆಂಟರು ‘ಸ್ಟೆಬಿಲೈಸರ್ ಇದೆ’ ಎನ್ನುತ್ತಾರೆ. ಅವು ನೀರಿನಡಿ ಚಾಚಿದ ರೆಕ್ಕೆಗಳು. ಪಕ್ಕಕ್ಕೆ ವಾಲುವುದನ್ನು ತಗ್ಗಿಸುತ್ತವೆ, ಮುಂದೆ–ಹಿಂದೆ ಏಳುಬೀಳುವುದನ್ನು ಅಲ್ಲ.

ತಲೆ ತಿರುಗುವುದಕ್ಕೆ ಕಾರಣ, ಒಳಗಿವಿ ‘ಅಲುಗುತ್ತಿದೆ’ ಎನ್ನುವಾಗ ಕ್ಯಾಬಿನ್ನಿನ ಗೋಡೆ ನೋಡುವ ಕಣ್ಣು ‘ಇಲ್ಲ’ ಎನ್ನುವುದು. ಆದ್ದರಿಂದ ಮಲಗಿ ಮೊಬೈಲ್ ನೋಡಿದರೆ ಹೆಚ್ಚಾಗುತ್ತದೆ, ಡೆಕ್ಕಿಗೆ ಬಂದು ದೂರದ ದಿಗಂತ ನೋಡಿದರೆ ಇಳಿಯುತ್ತದೆ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಒಣ ಬಿಸ್ಕತ್ತು, ಶುಂಠಿ ಸಾಕು. ಔಷಧಿ ವಾಂತಿ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಒಂದೆರಡು ತಾಸು ಮೊದಲೇ ತೆಗೆದುಕೊಳ್ಳಬೇಕು. ಅಂಗಡಿಯಲ್ಲಿ ಸಿಗುವ ಅವೋಮಿನ್‌ನಂಥ ಮಾತ್ರೆ ನಿದ್ದೆ ತರಿಸುತ್ತದೆ. ಗ್ಲಾಕೋಮಾ ಇದ್ದವರು, ಪ್ರಾಸ್ಟೇಟ್ ತೊಂದರೆಯ ಹಿರಿಯರು ವೈದ್ಯರನ್ನು ಕೇಳದೆ ನುಂಗಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು.

ಪ್ರಶ್ನೆ: ಮೊಮ್ಮಗನನ್ನು ಕರೆದುಕೊಂಡು ನಾವಿಬ್ಬರೇ ಸಿಂಗಾಪುರ ಕ್ರೂಸಿಗೆ ಹೊರಟಿದ್ದೇವೆ. ಮಗ–ಸೊಸೆ ಬರುವುದಿಲ್ಲ. ನನಗೆ ಮಂಡಿನೋವು, ಮನೆಯವರಿಗೆ ಸಕ್ಕರೆ ಕಾಯಿಲೆ. ಏನು ಜಾಗ್ರತೆ?
– ನಿವೃತ್ತ ಶಿಕ್ಷಕಿ, ಟಿಳಕವಾಡಿ, ಬೆಳಗಾವಿ

ಉತ್ತರ: ಮೊದಲು ಕಾಗದ. ತಂದೆ–ತಾಯಿ ಇಬ್ಬರೂ ಸಹಿ ಮಾಡಿ ನೋಟರಿ ಆದ ಒಪ್ಪಿಗೆ ಪತ್ರ, ಅವರ ಪಾಸ್‌ಪೋರ್ಟಿನ ನಕಲು, ಮಗುವಿನ ಜನನ ಪ್ರಮಾಣಪತ್ರ ಒಯ್ಯಿರಿ. ಪಾಸ್‌ಪೋರ್ಟಿಗೆ ಪ್ರವಾಸ ಮುಗಿದ ಮೇಲೂ ಆರು ತಿಂಗಳ ಅವಧಿ ಉಳಿದಿರಬೇಕು. ಚಿಕ್ಕ ಮಕ್ಕಳದು ಐದೇ ವರ್ಷಕ್ಕೆ ಮುಗಿಯುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಸಿಂಗಾಪುರದಿಂದ ಹಡಗೇರಿ ಮತ್ತೆ ಅಲ್ಲಿಗೇ ಇಳಿದರೆ ಅದು ಎರಡನೇ ಪ್ರವೇಶ, ಆದ್ದರಿಂದ ವೀಸಾ ‘ಮಲ್ಟಿಪಲ್ ಎಂಟ್ರಿ’ ಇದೆಯೇ ನೋಡಿಕೊಳ್ಳಿ. ನಡುವಿನ ಬಂದರುಗಳ ದೇಶಕ್ಕೂ ಆಗಿನ ನಿಯಮವನ್ನು ಬುಕಿಂಗ್ ಹೊತ್ತಿಗೇ ವಿಚಾರಿಸಿ.

ಟರ್ಮಿನಲ್ಲಿನಲ್ಲಿ ದೊಡ್ಡ ಬ್ಯಾಗು ಕೊಟ್ಟರೆ ಅದು ಕ್ಯಾಬಿನ್ ಮುಟ್ಟುವುದು ಸಂಜೆಗೆ. ಹಾಗಾಗಿ ಸಕ್ಕರೆ–ಬಿಪಿ ಮಾತ್ರೆ ವೈದ್ಯರ ಚೀಟಿ ಸಮೇತ, ಕನ್ನಡಕ, ಮಗುವಿನ ಒಂದು ಜೊತೆ ಬಟ್ಟೆ, ಈಜುಡುಗೆ ಇವು ಕೈಚೀಲದಲ್ಲಿರಲಿ. ಇಳಿಯುವ ಹಿಂದಿನ ರಾತ್ರಿ ಬ್ಯಾಗುಗಳನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ. ಮರುದಿನ ಉಡುವ ಸೀರೆಯನ್ನೂ ಅದರೊಳಗೇ ಹಾಕಿಬಿಟ್ಟರೆ ನೈಟಿಯಲ್ಲಿ ಇಳಿಯಬೇಕಾದೀತು. ಇನ್ಸುಲಿನ್ ಇದ್ದರೆ ಕ್ಯಾಬಿನ್ನಿನ ಪುಟ್ಟ ಫ್ರಿಜ್ ನಂಬಬೇಡಿ, ಹಡಗಿನ ವೈದ್ಯಕೀಯ ಕೇಂದ್ರದಲ್ಲಿ ಇಡಲು ಕೇಳಿ.

ಮಂಡಿನೋವಿಗೆ ಲಿಫ್ಟ್ ಇದೆ, ಗಾಲಿಕುರ್ಚಿಯನ್ನು ಮೊದಲೇ ಹೇಳಿದರೆ ಕೊಡುತ್ತಾರೆ. ಆದರೆ ಹಡಗು ದೂರದಲ್ಲಿ ಲಂಗರು ಹಾಕಿ ಟೆಂಡರ್ ದೋಣಿಯಲ್ಲಿ ದಡಕ್ಕೆ ಒಯ್ಯುವ ಕಡೆ (ಲಕ್ಷದ್ವೀಪದಲ್ಲಿ ಹೀಗೆಯೇ) ಅಲುಗುವ ದೋಣಿಗೆ ಕಾಲಿಡುವುದು ನಿಮಗೆ ಕಷ್ಟ. ಹಡಗಿನ ಆಸ್ಪತ್ರೆಯ ಬಿಲ್ಲು ದುಬಾರಿ. ಸಮುದ್ರದಿಂದ ದಡಕ್ಕೆ ಸಾಗಿಸುವ ಖರ್ಚೂ ಸೇರಿದ ಪ್ರವಾಸ ವಿಮೆ ಮಾಡಿಸಿ, ಈಗಾಗಲೇ ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ.

ಪ್ರಶ್ನೆ: ಪೆನಾಂಗ್, ಫುಕೆಟ್‌ನಲ್ಲಿ ಹಡಗಿನವರ ಟೂರ್ ತುಟ್ಟಿ. ಸ್ವಂತ ಟ್ಯಾಕ್ಸಿಯಲ್ಲಿ ಸುತ್ತಬಹುದೇ? ಹಡಗಿನಲ್ಲಿ ಬೇರೆ ಖರ್ಚೇನು?
– ವ್ಯಾಪಾರಿ, ಜಮಖಂಡಿ

ಉತ್ತರ: ಪೆನಾಂಗ್‌ನಲ್ಲಿ ಧಾರಾಳವಾಗಿ. ಅಲ್ಲಿ ಹಡಗು ಜಾರ್ಜ್‌ಟೌನ್‌ನ ಸ್ವೆಟ್ಟೆನ್‌ಹ್ಯಾಮ್ ಪಿಯರ್‌ಗೇ ಹತ್ತುತ್ತದೆ, ಅಲ್ಲಿಂದ ನಡೆದೇ ಲಿಟಲ್ ಇಂಡಿಯಾಕ್ಕೆ ಹೋಗಿ ಬಾಳೆಎಲೆ ಊಟ ಮಾಡಬಹುದು. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಹೆಚ್ಚಾಗಿ ಪಟೋಂಗ್ ಎದುರು ಲಂಗರು ಹಾಕಿ ದೋಣಿಯಲ್ಲಿ ಇಳಿಸುತ್ತವೆ, ದೂರಗಳೂ ಜಾಸ್ತಿ. ಅಲ್ಲಿ ಹಡಗಿನವರ ಟೂರೇ ಇರಲಿ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿಗೆ ಕಾಯುವುದಿಲ್ಲ.

ಗಡಿಯಾರದ ಬಗ್ಗೆ ಎಚ್ಚರ. ಥಾಯ್ಲೆಂಡ್ ಸಿಂಗಾಪುರಕ್ಕಿಂತ ಒಂದು ತಾಸು ಹಿಂದೆ. ದಡದಲ್ಲಿ ಮೊಬೈಲ್ ತಾನಾಗಿಯೇ ಅಲ್ಲಿನ ವೇಳೆಗೆ ಬದಲಾಗುತ್ತದೆ. ಹಡಗು ಸಿಂಗಾಪುರದ ವೇಳೆಯಲ್ಲೇ ನಡೆದು ‘ನಾಲ್ಕೂವರೆಗೆ ಬನ್ನಿ’ ಎಂದಿದ್ದರೆ, ನಿಮ್ಮ ಮೊಬೈಲ್ ಮೂರೂವರೆ ತೋರಿಸುವಾಗಲೇ ಬಾಗಿಲು ಮುಚ್ಚುತ್ತದೆ. ಮನೆಯ ಒಬ್ಬರಾದರೂ ಮುಳ್ಳಿನ ಕೈಗಡಿಯಾರ ಕಟ್ಟಿಕೊಂಡು ಹಡಗಿನ ವೇಳೆ ಇಟ್ಟುಕೊಳ್ಳಿ.

ಖರ್ಚು: ಕ್ಯಾಬಿನ್, ಮುಖ್ಯ ಊಟ, ಆಟ–ನಾಟಕ ದರದಲ್ಲೇ ಬರುತ್ತವೆ. ತಂಪು ಪಾನೀಯ, ವಿಶೇಷ ರೆಸ್ಟೋರೆಂಟ್, ವೈಫೈ, ಫೋಟೊ ಬೇರೆ. ಗ್ರಾಚುಯಿಟಿ ತಲೆಗೆ, ದಿನಕ್ಕೆ ಇಷ್ಟು ಎಂದು; ದರದಲ್ಲಿ ಸೇರಿದೆಯೇ ಎಂದು ಏಜೆಂಟರಿಂದ ಬರೆಸಿಕೊಳ್ಳಿ. ನಗದು ನಡೆಯುವುದಿಲ್ಲ, ಎಲ್ಲ ಕ್ಯಾಬಿನ್ ಕಾರ್ಡಿಗೇ ಬರೆದುಕೊಳ್ಳುತ್ತಾರೆ. ಅಂಗಡಿಯ ಖಾತೆ ಪುಸ್ತಕದಂತೆ ದಿನಾ ರಾತ್ರಿ ಲೆಕ್ಕ ನೋಡಿ, ಮಕ್ಕಳ ಕಾರ್ಡಿಗೆ ಮಿತಿ ಹಾಕಿಸಿ. ಹಡಗು ದಡ ಬಿಟ್ಟೊಡನೆ ಎಲ್ಲ ಮೊಬೈಲೂ ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲವಾದರೆ ಅದು ಹಡಗಿನ ಉಪಗ್ರಹ ಜಾಲಕ್ಕೆ ಸೇರಿಕೊಳ್ಳುತ್ತದೆ, ಮಾಮೂಲಿ ರೋಮಿಂಗ್ ಪ್ಯಾಕ್ ಅಲ್ಲಿ ಲೆಕ್ಕಕ್ಕಿಲ್ಲ. ವಿದೇಶಿ ಪ್ಯಾಕೇಜಿನ ಮೇಲೆ ಏಜೆಂಟರು ಹಿಡಿಯುವ ಟಿಸಿಎಸ್ (ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ) ಹೋದ ದುಡ್ಡಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ನಿಮ್ಮ ಹೆಸರಿಗೆ ಜಮೆಯಾಗಿದೆಯೇ ನೋಡಿ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಿ.

ಪ್ರಶ್ನೆ: ಐದು ತಿಂಗಳ ಕೂಸು ಇದೆ. ಕರೆದುಕೊಂಡು ಹೋಗಬಹುದೇ?
– ಇಂಡಿ

ಉತ್ತರ: ಸಾಮಾನ್ಯವಾಗಿ ಆರು ತಿಂಗಳಾಗದೆ ಹತ್ತಿಸಿಕೊಳ್ಳುವುದಿಲ್ಲ, ದೂರದ ಯಾನಗಳಿಗೆ ಒಂದು ವರ್ಷ. ಡೈಪರ್ ಹಾಕುವ ಮಗುವಿಗೆ ಈಜುಕೊಳವೂ ಇಲ್ಲ. ಮುಂದಿನ ಚಳಿಗಾಲಕ್ಕೆ ಇಟ್ಟುಕೊಳ್ಳಿ.