ಪಿಎಚ್‌ಪಿ 8ಕ್ಕೆ ಏರಿದ ಮೇಲೆ ರಾಶಿ ಅಡಿಕೆಯ ಲೆಕ್ಕ ಇಳಿದದ್ದೇಕೆ?

ಪ್ರಶ್ನೆ: ಶಿರಸಿಯ ಅಡಿಕೆ ವಖಾರಿಯೊಂದಕ್ಕೆ ಬರೆದುಕೊಟ್ಟ ಲೆಕ್ಕದ ತಂತ್ರಾಂಶ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ 7.4ನೇ ಆವೃತ್ತಿಯಲ್ಲಿ ತಕರಾರಿಲ್ಲದೆ ನಡೆಯುತ್ತಿತ್ತು. 8ಕ್ಕೆ ಏರಿಸಿದ ಮೇಲೆ ಹಳೆಯ ವರದಿಯನ್ನೇ ಮತ್ತೆ ತೆಗೆದರೆ ರಾಶಿ ಎಂಬ ಬಗೆಯ ಅಡಿಕೆಯ ತೂಕ ಕಡಿಮೆಯೂ ‘ಇತರೆ’ಯ ತೂಕ ಹೆಚ್ಚೂ ಬರುತ್ತಿದೆ, ದೋಷಸಂದೇಶ ಯಾವುದೂ ಇಲ್ಲ. ಬಗೆ ಆರಿಸದ ಚೀಲಗಳಿಗೆ 0 ಎಂಬ ಸಂಖ್ಯೆ ಇಟ್ಟಿದ್ದೇನೆ. ಬಗೆಯನ್ನು ಒಂದೊಂದಾಗಿ ಹೋಲಿಸಿ ಹೊಂದಿದ್ದನ್ನು ಆರಿಸುವ ಸ್ವಿಚ್‌ನಲ್ಲಿ ರಾಶಿ, ಬೆಟ್ಟೆ, ಚಾಲಿ ಎಂಬ ಅಡಿಕೆಯ ಬಗೆಗಳ ಕ್ರಮದಲ್ಲಿ ಕೇಸ್‌ಗಳಿವೆ (ಹೋಲಿಸುವ ಆಯ್ಕೆಗಳು); ಯಾವುದಕ್ಕೂ ಹೊಂದದ್ದು ‘ಇತರೆ’ಗೆ ಹೋಗುತ್ತದೆ. 7.4ಕ್ಕೇ ಮರಳಲೇ?

ಉತ್ತರ: ಮರಳಬೇಡಿ. 7.4ಕ್ಕೆ ಭದ್ರತಾ ತಿದ್ದುಪಡಿಗಳು 2022ರ ನವೆಂಬರ್‌ನಲ್ಲೇ ನಿಂತಿವೆ. ಅದಕ್ಕಿಂತ ಮುಖ್ಯವಾಗಿ, ತಪ್ಪಿದ್ದುದು ಹಳೆಯ ವರದಿಯೇ.

ಸ್ವಿಚ್ ಹೋಲಿಸುವುದು ಸಡಿಲವಾದ == ನಿಯಮದಂತೆ, ಅಂದರೆ ಎರಡರ ಪ್ರಕಾರ (ಪದ, ಸಂಖ್ಯೆ) ಬೇರೆಯಿದ್ದರೂ ಪರಿವರ್ತಿಸಿ ಹೋಲಿಸುತ್ತದೆ. 7ರವರೆಗೆ ಸಂಖ್ಯೆಯನ್ನು ಪದದೊಡನೆ ಹೀಗೆ ಹೋಲಿಸಿದಾಗ ಪದವೇ ಸಂಖ್ಯೆಯಾಗುತ್ತಿತ್ತು. ‘ರಾಶಿ’ಯಲ್ಲಿ ಅಂಕಿಗಳಿಲ್ಲವಾದ್ದರಿಂದ ಅದು 0 ಆಗಿ, ಬಗೆ ಆರಿಸದ ಪ್ರತಿ ಚೀಲವೂ ಮೊದಲ ಕೇಸ್‌ಗೇ ಸೇರುತ್ತಿತ್ತು. ನೀವು ಚಾಲಿಯನ್ನು ಮೊದಲು ಬರೆದಿದ್ದರೆ ಚಾಲಿಯ ತೂಕವೇ ಉಬ್ಬಿರುತ್ತಿತ್ತು! 2020ರ ನವೆಂಬರ್‌ನಲ್ಲಿ ಬಂದ 8.0ರಿಂದೀಚೆಗೆ, ಪದವು ಸಂಖ್ಯಾರೂಪದಲ್ಲಿ ಇಲ್ಲದಿದ್ದರೆ ಸಂಖ್ಯೆಯನ್ನೇ ಪದವಾಗಿಸಿ ಹೋಲಿಸಲಾಗುತ್ತದೆ. ಹೀಗಾಗಿ 0 ಈಗ ‘ರಾಶಿ’ಗೆ ಸಮವಲ್ಲ; ಆ ಚೀಲಗಳು ‘ಇತರೆ’ಗೆ ಸೇರುತ್ತವೆ.

ತಿದ್ದುಪಡಿ ಸರಿಯೇ, ಆದರೆ ಸದ್ದಿಲ್ಲದೆ ಉತ್ತರ ಬದಲಾಗುವುದು ಬಳಕೆದಾರರಿಗೆ ಅತ್ಯಂತ ಕಷ್ಟದ ಬದಲಾವಣೆ ಎಂಬುದು ನನ್ನ ಅಭಿಪ್ರಾಯ. ಪೈಥಾನ್ 3 ಪದವನ್ನೂ ಸಂಖ್ಯೆಯನ್ನೂ ಹಿರಿದು ಕಿರಿದೆಂದು ಹೋಲಿಸಿದರೆ ದೋಷ ತೋರಿಸಿ ನಿಲ್ಲುತ್ತದೆ. ಗೋ ಭಾಷೆ 1.22ರಲ್ಲಿ ಲೂಪ್ ಚರದ (ಪುನರಾವರ್ತನೆಯಲ್ಲಿ ಬಳಸುವ ಹೆಸರಿನ) ನಿಯಮ ಬದಲಿಸಿದಾಗ, ಹಳೆಯ ಆವೃತ್ತಿಯನ್ನು ನಮೂದಿಸಿಕೊಂಡ ಮಾಡ್ಯೂಲ್‌ಗಳಿಗೆ (ಕೋಡ್‌ನ ಘಟಕಗಳಿಗೆ) ಹಳೆಯ ನಡೆಯನ್ನೇ ಉಳಿಸಿತು. ಪಿಎಚ್‌ಪಿಯಲ್ಲಿ ಈ ಹೋಲಿಕೆಗೆ ಅಂಥ ಆಯ್ಕೆಯಿಲ್ಲ. ಕಟ್ಟುನಿಟ್ಟು ಪ್ರಕಾರಗಳ ಘೋಷಣೆಯನ್ನು (strict_types) ಕಡತದ ತಲೆಗೆ ಬರೆದರೆ ಸಾಕೆಂದು ಹಲವರು ನಂಬಿದ್ದಾರೆ, ಆದರೆ ಅದು == ಅನ್ನು ಮುಟ್ಟುವುದಿಲ್ಲ.

ಕಳೆದ ಹಂಗಾಮುಗಳ ವರದಿ ಛಾಪಿಸಿದಂತೆಯೇ ಮತ್ತೆ ಬರಬೇಕೆಂದು ವಖಾರಿಯವರು ಕೇಳಿದರೆ, ನಿರ್ದಿಷ್ಟ ದಿನಾಂಕದವರೆಗಿನ 0 ನಮೂದುಗಳನ್ನು ರಾಶಿಗೆ ಸೇರಿಸುವ ನಿಯಮವನ್ನು ಪ್ರತ್ಯೇಕವಾಗಿ, ಕಾರಣ ಸಹಿತ ಬರೆಯಿರಿ. ನಿಜವಾದ ಬಗೆ ಯಾವುದೆಂದು ತೂಕದ ಚೀಟಿಗಳು ಮಾತ್ರ ಹೇಳಬಲ್ಲವು.

ಮುಂದಿನ ನಮೂದುಗಳಿಗೆ ಸ್ವಿಚ್ ಬದಲು 8.0ರಲ್ಲೇ ಬಂದ ಮ್ಯಾಚ್ ಬಳಸಿ; ಅದು === ನಿಯಮದಂತೆ, ಅಂದರೆ ಪ್ರಕಾರವೂ ಬೆಲೆಯೂ ಒಂದೇ ಆಗಿದ್ದರೆ ಮಾತ್ರ ಸಮವೆಂದು ಹೋಲಿಸುತ್ತದೆ. ಆದರೆ ಫಾರ್ಮ್‌ನಿಂದ ಬರುವ ಅಂಕಿಗಳೂ ಪದರೂಪದಲ್ಲೇ ಇರುವುದರಿಂದ, ಸಂಖ್ಯೆಯೊಡನೆ ಹೋಲಿಸುವ ಕಡೆಗಳಲ್ಲಿ ಮೊದಲು ಸಂಖ್ಯೆಗೆ ಪರಿವರ್ತಿಸಿಕೊಳ್ಳಿ. ಮ್ಯಾಚ್‌ನಲ್ಲಿ ಡಿಫಾಲ್ಟ್ (ಯಾವುದಕ್ಕೂ ಹೊಂದದ್ದಕ್ಕೆ ಇಡುವ ಆಯ್ಕೆ) ಬರೆಯದೆ ಬಿಟ್ಟರೆ, ಬಗೆ ಆರಿಸದ ಚೀಲ ಬಂದೊಡನೆ ದೋಷ ಕಾಣಿಸುತ್ತದೆ.