ಹಂಪಿಯನ್ನು ನೋಡಿಕೊಂಡು ಫ್ಯಾಂಟಸಿ ಗೇಮ್‌ಗೆ ಒಂದು ದೇಶ ಕಟ್ಟುವುದು ಹೇಗೆ? ಹೊಯ್ಸಳ, ಚಾಲುಕ್ಯ, ವಿಜಯನಗರ: ಯಾವುದು ಒಳ್ಳೆಯದು?

ಗೆನ್‌ಶಿನ್ ಇಂಪ್ಯಾಕ್ಟ್ ಗೇಮ್‌ನಲ್ಲಿರುವ ಇನಜುಮಾ ಎಂಬ ದೇಶ ನೋಡಿದ ತಕ್ಷಣ ಜಪಾನ್ ಅಂತ ಗೊತ್ತಾಗುತ್ತೆ, ನನ್ನ ಗೇಮ್‌ನ ದೇಶ ನೋಡಿದ ತಕ್ಷಣ ಕರ್ನಾಟಕ ಅನ್ನಿಸಬೇಕು, ಅದಕ್ಕೆ ಹಂಪಿಗೆ ಹೋಗಿ ಕಟ್ಟಡಗಳನ್ನೆಲ್ಲ ಸ್ಕ್ಯಾನ್ ಮಾಡಿಕೊಂಡು ಬರಲಾ ಅಂತ ಕೇಳಿದ್ದೀರಿ. ಓದಿ ಮೊದಲು ನಗು ಬಂತು. ಆಮೇಲೆ ಹೊಟ್ಟೆಯಲ್ಲಿ ಒಂಥರಾ ಆಯಿತು. ನಾನು ಮಾಡಿದ್ದು ಅದನ್ನೇ. 14 ತಿಂಗಳು ಹೋಯಿತು, ಆರೂವರೆ ಲಕ್ಷ ರೂಪಾಯಿ ಹೋಯಿತು, ಜೊತೆಗಿದ್ದ ಗೆಳೆಯನೂ ಹೋದ.

ನಾನು ಹೊಸಪೇಟೆಯವನು. ಹಂಪಿ ನಮಗೆ ಬಸ್ಸಿನಲ್ಲಿ ಅರ್ಧ ಗಂಟೆ. ಮನೆಗೆ ಯಾವ ನೆಂಟರು ಬಂದರೂ ಅವರನ್ನು ಹಂಪಿ ಸುತ್ತಿಸುವ ಕೆಲಸ ನನ್ನ ತಲೆಗೆ. ಹಾಗಾಗಿ ಹಂಪಿ ನನಗೆ ಗೊತ್ತು ಅನ್ನುವ ಜಂಬ ಇತ್ತು. ಪುಣೆಗೆ ಬಂದು ಹತ್ತು ವರ್ಷ ಆಯಿತು. ಹಿಂಜೆವಾಡಿಯಲ್ಲಿ ಕೆಲಸ, ಕಾರಿನ ಡ್ಯಾಶ್‌ಬೋರ್ಡ್ ಪರದೆಗೆ ಗ್ರಾಫಿಕ್ಸ್ ಮಾಡುವುದು. 2020ರಲ್ಲಿ ಪುಣೆಯವರೇ ಮಾಡಿದ ರಾಜಿ ಗೇಮ್ ಬಂತು. ರಾಜಸ್ಥಾನದ ಕೋಟೆಗಳ ಛಾಯೆ, ಪಹಾಡಿ ಚಿತ್ರಗಳ ಬಣ್ಣ. ಆಡಿ ಮುಗಿಸಿದ ರಾತ್ರಿಯೇ ತಲೆಗೆ ಹುಳ ಹೊಕ್ಕಿತು. ಅವರಿಗೆ ರಾಜಸ್ಥಾನ ಸಿಕ್ಕರೆ ನಮಗೆ ಹಂಪಿ ಇಲ್ವಾ?

ಎರಡು ಸಲ ಊರಿಗೆ ಹೋಗಿ 2,300 ಫೋಟೋ ತೆಗೆದೆ. ಒಂದೊಂದು ಕಂಬಕ್ಕೂ ನಲವತ್ತು, ಐವತ್ತು ಫೋಟೋ, ಅವನ್ನೆಲ್ಲ ಜೋಡಿಸಿ ತ್ರೀಡಿ ಮಾಡೆಲ್. ಗೇಮ್‌ನ ದೇಶಕ್ಕೆ ಶಿಲಾವತಿ ಅಂತ ಹೆಸರಿಟ್ಟೆ. ತಪ್ಪು ಹೆಸರಲ್ಲೇ ಇತ್ತು, ಆಗ ಕಾಣಲಿಲ್ಲ.

ಕಥೆಯ ಪ್ರಕಾರ ಶಿಲಾವತಿ ತನ್ನ ಏಳಿಗೆಯ ತುದಿಯಲ್ಲಿದೆ. ಸಂತೆ ಜೋರು, ಖಜಾನೆ ತುಂಬಿದೆ, ಹೊಸ ರಾಜ ಪಟ್ಟಕ್ಕೆ ಬಂದಿದ್ದಾನೆ. ಮುನ್ನೂರು ಜನ ಓಡಾಡುವ ಪೇಟೆ ಮಾಡಿದ್ದೆ. ದುಡ್ಡು ಹಾಕಲು ಹೆಚ್ಚೂಕಡಿಮೆ ಒಪ್ಪಿದ್ದ ಒಂದು ಕಂಪನಿಗೆ ತೋರಿಸಿದೆ. ಅಲ್ಲಿನ ಹುಡುಗಿಯೊಬ್ಬಳು ಇಪ್ಪತ್ತು ನಿಮಿಷ ಆಡಿ ಹೆಡ್‌ಫೋನ್ ತೆಗೆದು ಕೇಳಿದಳು: "ಈ ಊರನ್ನು ಜನ ಯಾವಾಗ ಬಿಟ್ಟು ಹೋದರು? ಈಗ ಇಲ್ಲಿರೋರು ನಿರಾಶ್ರಿತರಾ?"

ನನಗೆ ಸಿಟ್ಟು ಬಂತು. ಇತಿಹಾಸ ಗೊತ್ತಿಲ್ಲದವರು ಅಂದುಕೊಂಡೆ. ಎರಡು ವಾರದ ನಂತರ ಬೇಡ ಅಂತ ಮೇಲ್ ಬಂತು.

ಅವಳ ಪ್ರಶ್ನೆ ಅರ್ಥವಾಗಿದ್ದು ನಮ್ಮ ಮನೆಯ ಬಾಗಿಲು ಕೆಟ್ಟಾಗ. ಮಳೆಗಾಲದಲ್ಲಿ ಉಬ್ಬಿ ಮುಚ್ಚುತ್ತಲೇ ಇರಲಿಲ್ಲ. ಕೊಥ್ರೂಡ್‌ನಲ್ಲಿ ಬಡಿಗತನ ಮಾಡುವ ಕಾಕಾ ಒಬ್ಬರು ಬಂದರು. ಮೂಲ ಅಥಣಿ ಕಡೆಯವರು, ನಲವತ್ತು ವರ್ಷದಿಂದ ಇಲ್ಲೇ. ಸದಾಶಿವ ಪೇಠ್, ನಾರಾಯಣ ಪೇಠ್‌ಗಳ ಹಳೆ ವಾಡಾಗಳ, ಅಂದರೆ ಹಳೆ ಕಾಲದ ದೊಡ್ಡ ಮನೆಗಳ, ಮರದ ಕೆಲಸ ರಿಪೇರಿ ಮಾಡಿ ಪಳಗಿದ ಕೈ. ಚಹಾ ಕುಡಿಯುತ್ತಾ ಲ್ಯಾಪ್‌ಟಾಪ್ ಕಡೆ ನೋಡಿದರು.

"ಸರ, ಇದು ಸುಟ್ಟ ಮ್ಯಾಲಿನ ಊರೇನ್ರಿ?"

"ಅಲ್ಲ ಕಾಕಾ, ಚೆನ್ನಾಗಿದ್ದಾಗಿನದು."

"ಮತ್ತ ಮನಿಗೋಳಿಗೆ ಮಾಳಿಗಿ ಎಲ್ಲದ? ಮಂದಿ ಬರೇ ಕಟ್ಟಿ ಮ್ಯಾಲೆ ಮಲಗ್ಯಾರಲ್ಲ!"

ಮುಂದಿನ ಭಾನುವಾರ ಅವರೇ ನನ್ನನ್ನು ಶನಿವಾರವಾಡಾಕ್ಕೆ ಕರೆದುಕೊಂಡು ಹೋದರು. ಪೇಶ್ವೆಗಳು 1732ರಲ್ಲಿ ಗೃಹಪ್ರವೇಶ ಮಾಡಿದ ಅರಮನೆ. 1828ರಲ್ಲಿ ಬೆಂಕಿ ಬಿದ್ದು ಒಳಗಿನದೆಲ್ಲ ಬೂದಿಯಾಯಿತು. ಈಗ ಒಳಗೆ ಹೋದರೆ ಹುಲ್ಲು, ಕಾರಂಜಿ, ಮೊಣಕಾಲೆತ್ತರದ ಕಲ್ಲಿನ ಕಟ್ಟೆಗಳು. ಕಾಕಾ ಒಂದು ಕಡೆ ಕುಕ್ಕರಗಾಲಲ್ಲಿ ಕೂತು, ಜೇಬಿನ ಮಡಚುವ ಅಳತೆಕೋಲು ತೆಗೆದು ಒಂದು ಕಲ್ಲನ್ನು ಕುಟ್ಟಿದರು. "ಇದಕ್ಕ ತಳಖಡಾ ಅಂತಾರ. ಇದರ ಮ್ಯಾಲೆ ಸಾಗವಾನಿ ಕಂಬ ನಿಲ್ಲತದ. ಇಲ್ಲಿಂದ ಮುಂದಿನ ತಳಖಡಾಕ್ಕ ಎಷ್ಟು ಅಂತರ ಅದನೋ, ಅಷ್ಟು ತೊಲಿ." ಆಮೇಲೆ ವಿಶ್ರಾಮಬಾಗ್ ವಾಡಾಕ್ಕೆ ನಡೆಸಿದರು. ಅದು ಉಳಿದಿದೆ. ಸುರೂ (ಸೈಪ್ರೆಸ್) ಮರದ ಆಕಾರದಲ್ಲಿ ಕೆತ್ತಿದ ಕಂಬಗಳು, ತೊಲೆಗಳು, ಮುಂದೆ ಚಾಚಿದ ಮರದ ಸಜ್ಜಾ. ಮೊದಲು ಬುಡ ತೋರಿಸಿ, ಆಮೇಲೆ ಅದರ ಮೇಲೆ ಏನಿರುತ್ತಿತ್ತು ಅಂತ ತೋರಿಸಿದರು.

ಅಂಥದೇ ಕಲ್ಲುಗಳನ್ನು ನಾನು ಹಂಪಿಯಲ್ಲಿ ಕಂಡಿದ್ದೆ! ಮಹಾನವಮಿ ದಿಬ್ಬದ ಸುತ್ತಮುತ್ತ, ಅರಮನೆ ಆವರಣದ ತುಂಬ. ಶಾಲೆಯ ಟ್ರಿಪ್‌ನಲ್ಲಿ ಆ ಕಟ್ಟೆಗಳ ಮೇಲೆ ಕೂತೇ ಬುತ್ತಿ ತಿಂದಿದ್ದೆವು. ಅದು ಅರಮನೆಯ ಬುಡ, ಆ ಸಾಲುಕಲ್ಲು ಮರದ ಕಂಬದ ಪಾದ ಅಂತ ಹೊಳೆದೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇಜಾರಾದರೂ ಓದಿ. ವಿಜಯನಗರದಲ್ಲಿ ಪೂರ್ತಿ ಕಲ್ಲಿನ ಮನೆ ಹೆಚ್ಚಾಗಿ ದೇವರಿಗೆ. ರಾಜನ ಅರಮನೆ ಅಂದರೆ ಕಲ್ಲಿನ ಕಟ್ಟೆ, ಅದರ ಮೇಲೆ ಮರದ ಕಂಬ, ಮರದ ಮಾಳಿಗೆ, ಗಾರೆ, ಬಣ್ಣ. 1565ರ ಜನವರಿಯಲ್ಲಿ ತಾಳೀಕೋಟೆ ಯುದ್ಧ ಸೋತ ಮೇಲೆ ಊರು ಲೂಟಿಯಾಯಿತು, ಬೆಂಕಿ ಬಿತ್ತು. ಸುಡುವುದೆಲ್ಲ ಸುಟ್ಟಿತು. ಕಮಲ ಮಹಲು, ಆನೆ ಲಾಯದಂಥ ಗಾರೆ ಕಮಾನಿನ ಕೆಲವು ಕಟ್ಟಡ ಉಳಿದವು. ಅಂದರೆ ನಾವು ಈಗ ಸ್ಕ್ಯಾನ್ ಮಾಡುವುದು ಬೆಂಕಿ ತಿನ್ನದೆ ಬಿಟ್ಟಿದ್ದನ್ನು. ನಾನು ಆ ಮಿಕ್ಕಿದ್ದನ್ನೇ ಪೂರ್ತಿ ಊರು ಅಂದುಕೊಂಡು, ಉರಿಬಿಸಿಲಲ್ಲಿ ಬರೀ ಕಟ್ಟೆಯ ಮೇಲೆ ರಾಜನನ್ನು ಕೂರಿಸಿ ದರ್ಬಾರು ಮಾಡಿಸಿದ್ದೆ. ಆಗಿನವರು ಬಯಲಲ್ಲೇ ಸಭೆ ಮಾಡುತ್ತಿದ್ದರೇನೋ ಅಂತ ನನಗೆ ನಾನೇ ಸಮಾಧಾನ ಬೇರೆ ಹೇಳಿಕೊಂಡಿದ್ದೆ.

ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಅರಮನೆಯ ಒಂದು ಕೋಣೆಯ ಬಗ್ಗೆ ಬರೆದಿದ್ದಾನೆ. ಗೋಡೆ ಮೇಲಿಂದ ಕೆಳಗಿನವರೆಗೆ ಆನೆದಂತ, ಕಂಬಗಳ ತುದಿಯಲ್ಲಿ ದಂತದ ಗುಲಾಬಿ, ದಂತದ ಕಮಲ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಂಡದ್ದು, ಎಲ್ಲಿ ನೋಡಿದರಲ್ಲಿ ಗುಲಾಬಿ ಮಾರಾಟ. ಈ ಜನಕ್ಕೆ ಊಟ ಎಷ್ಟು ಮುಖ್ಯವೋ ಗುಲಾಬಿಯೂ ಅಷ್ಟೇ ಅನ್ನುತ್ತಾನೆ. ನನ್ನ ಶಿಲಾವತಿಯಲ್ಲಿ ಒಂದೇ ಒಂದು ಹೂವು ಇರಲಿಲ್ಲ. ಬಂಡೆ ಇತ್ತು.

ಇನ್ನೂ ನಾಚಿಕೆಗೇಡಿನದು ಹೇಳಿಬಿಡುತ್ತೇನೆ. ಗೇಮ್‌ನಲ್ಲಿ ಒಂದು ಪ್ರತಿಷ್ಠಾಪನೆಯ ದೃಶ್ಯ ಇತ್ತು. ಶಿಲ್ಪಿ ಕೊನೆಯ ಉಳಿ ಏಟು ಹಾಕುತ್ತಾನೆ, ಪರದೆ ಸರಿಯುತ್ತದೆ, ಹೊಸ ನರಸಿಂಹ, ಜನರ ಜಯಕಾರ. ನಾನು ಹಾಕಿದ್ದು ಸ್ಕ್ಯಾನ್ ಮಾಡಿದ ಉಗ್ರನರಸಿಂಹನನ್ನು. 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ ಆ ಮೂರ್ತಿ ಮೂಲದಲ್ಲಿ ಲಕ್ಷ್ಮೀನರಸಿಂಹ. ತೊಡೆಯ ಮೇಲೆ ಲಕ್ಷ್ಮಿ ಇದ್ದಳು. ಒಡೆದ ಮೇಲೆ ಅವನ ಬೆನ್ನ ಹಿಂದೆ ಅವಳ ಕೈಯೊಂದೇ ಉಳಿದಿದೆ. ನನ್ನ ರಾಜ, ತೋಳು ಮುರಿದ ಮೂರ್ತಿಗೆ, ಹೆಂಡತಿಯ ಬರೀ ಕೈ ಅಂಟಿಕೊಂಡ ದೇವರಿಗೆ, ಕೆತ್ತಿದ ದಿನವೇ ಮಂಗಳಾರತಿ ಎತ್ತುತ್ತಿದ್ದ. ಹೊಸಪೇಟೆಯವನಾಗಿ ಇದು ಕಾಣಲಿಲ್ಲವಲ್ಲ! ದ್ವಾರಪಾಲಕರ ಮೂಗೂ ಹಾಗೇ, ಒಬ್ಬರಿಗೂ ಇರಲಿಲ್ಲ.

50 ರೂಪಾಯಿ ನೋಟಿನ ಮೇಲಿನ ಕಲ್ಲಿನ ರಥವನ್ನೂ ಹಾಗೇ ಇಳಿಸಿದ್ದೆ. 1856ರಲ್ಲಿ ಗ್ರೀನ್‌ಲಾ ಎನ್ನುವ ಬ್ರಿಟಿಷ್ ಅಧಿಕಾರಿ ತೆಗೆದ ಫೋಟೋದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ಇಲ್ಲ. ನಾವು ನೋಟಿನಲ್ಲಿ ನೋಡುವುದು ತಲೆ ಇಲ್ಲದ ರಥ.

ಈಗ ನಿಮ್ಮ ಪ್ರಶ್ನೆ. ಹೊಯ್ಸಳವೋ ಚಾಲುಕ್ಯವೋ ಅನ್ನುವುದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ನೀವು ಕಟ್ಟಡ ಆರಿಸುತ್ತಿದ್ದೀರಿ, ದೇಶವನ್ನಲ್ಲ. ಇನಜುಮಾ ಜಪಾನ್ ಅನ್ನಿಸುವುದು ಮನೆಗಳ ಮಾಡಿನಿಂದ ಅಂದುಕೊಂಡಿದ್ದೀರಾ? ಮಾಡು ಅಂಟಿಸುವುದು ಯಾರಿಗೆ ಬರಲ್ಲ? ಅಲ್ಲಿ ದೇಶದ ಬಾಗಿಲು ಮುಚ್ಚಿದೆ, ಹೊರಗಿನವರು ರಿಟೋ ದ್ವೀಪದಲ್ಲೇ ಇರಬೇಕು. ಜಪಾನ್ 1630ರ ದಶಕದಲ್ಲಿ ಹಾಗೇ ಬಾಗಿಲು ಹಾಕಿಕೊಂಡಿತ್ತು. 1641ರಿಂದ ಡಚ್ಚರನ್ನು ನಾಗಾಸಾಕಿಯ ದೆಜಿಮಾ ಎಂಬ ಪುಟ್ಟ ದ್ವೀಪದಲ್ಲಿ ಇಟ್ಟಿತ್ತು. ಗೇಮ್‌ನಲ್ಲಿ ಜನರ ವಿಷನ್ (ಮಾಂತ್ರಿಕ ಶಕ್ತಿ ಕೊಡುವ ಮಣಿ) ಕಿತ್ತುಕೊಂಡು ಪ್ರತಿಮೆಗೆ ಕೂರಿಸುತ್ತಾರೆ. 1588ರಲ್ಲಿ ಜಪಾನ್ ಆಳುತ್ತಿದ್ದ ಹಿದೆಯೋಶಿ ರೈತರ ಕತ್ತಿಗಳನ್ನು ಕಿತ್ತುಕೊಂಡಾಗ ಹೇಳಿದ ನೆಪ, ಕರಗಿಸಿ ಬುದ್ಧನ ಪ್ರತಿಮೆಗೆ ಮೊಳೆ ಮಾಡುತ್ತೇವೆ ಅಂತ. ನೋಡಿ, ಗೇಮ್ ಮಾಡಿದವರು ಜಪಾನಿನಿಂದ ತೆಗೆದುಕೊಂಡದ್ದು ಕಾನೂನು, ಭಯ.

ವಿಜಯನಗರದಿಂದ ಒಂದೇ ಒಂದು ತೆಗೆದುಕೊಳ್ಳುವುದಾದರೆ ನಾನು ಕುದುರೆ ತೆಗೆದುಕೊಳ್ಳುತ್ತೇನೆ. ಅಷ್ಟು ದೊಡ್ಡ ರಾಜ್ಯ, ಯುದ್ಧಕ್ಕೆ ತಕ್ಕ ಕುದುರೆ ಮಾತ್ರ ಊರಲ್ಲಿ ಬೆಳೆಯಲ್ಲ. ಅರಬ್ ಸಮುದ್ರ ದಾಟಿ ಹಾರ್ಮುಜ್‌ನಿಂದ ಬರಬೇಕು, ಗೋವಾದಲ್ಲೋ ಭಟ್ಕಳದಲ್ಲೋ ಇಳಿಯಬೇಕು. ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು ಅಂತ ಇನ್ನೊಬ್ಬ ಪೋರ್ಚುಗೀಸ್, ಫೆರ್ನಾವ್ ನೂನಿಜ್ ಬರೆದಿದ್ದಾನೆ. ಸಾಳುವ ನರಸಿಂಹನ ಕಾಲದಲ್ಲಿ ಕುದುರೆ ಸಮುದ್ರದಲ್ಲೇ ಸತ್ತರೂ ಪರವಾಗಿಲ್ಲ, ಅದರ ಬಾಲ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯೇ ಕೊಡುತ್ತಿದ್ದನಂತೆ. ಎಂಥ ಗರಜು ನೋಡಿ!

ನಾನೀಗ ರಾತ್ರಿ ಊಟದ ಮೇಲೆ ಕೂತು ಹೊಸದಾಗಿ ಮಾಡುತ್ತಿರುವುದು ಈ ಬಾಲದ ಗೇಮ್. ಆಟಗಾರ ಒಬ್ಬ ಸುಂಕದ ಕಾರಕೂನ. ಬಂದರಿನಲ್ಲಿ ಕೂತು ಬಾಲ ಎಣಿಸಬೇಕು. ಯಾವ ಬಾಲ ನಿಜವಾಗಿ ಸಮುದ್ರದಲ್ಲಿ ಸತ್ತ ಕುದುರೆಯದು, ಯಾವುದು ಪೇಟೆಯ ತಟ್ಟು ಕುದುರೆಯದು ಕತ್ತರಿಸಿ ತಂದದ್ದು? ಬಂದರು ಕೈತಪ್ಪಿದರೆ ಸೈನ್ಯ ನಡೆಯುವುದಿಲ್ಲ. 1472ರಲ್ಲಿ ಬಹಮನಿಯ ಮಂತ್ರಿ ಮಹಮೂದ್ ಗವಾನ್ ಗೋವಾ ಹಿಡಿದ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಹಿಡಿದ, ಅವನಿಗೆ ಬೆಂಬಲವಾಗಿ ನಿಂತವನು ಹೊನ್ನಾವರ ಕಡೆಯ ತಿಮೋಜ. ಕಥೆ ತಾನೇ ನಡೆಯುತ್ತದೆ, ಒಂದು ದೇವಸ್ಥಾನವನ್ನೂ ತೋರಿಸದಿದ್ದರೂ ನಡೆಯುತ್ತದೆ.

ಸ್ಕ್ಯಾನ್ ಬೇಡವೇ ಬೇಡ ಅಂತಲ್ಲ. ಹಂಪಿಗೆ ಹೋಗಿ, ಆದರೆ ಕ್ಯಾಮೆರಾದ ಜೊತೆ ಒಂದು ಟೇಪು ಒಯ್ಯಿರಿ. ಕಟ್ಟೆಯ ಮೇಲಿನ ಪಾದಕಲ್ಲುಗಳ ಅಂತರ ಅಳೆಯಿರಿ. ಸಾಧ್ಯವಾದರೆ ಮರ ಗೊತ್ತಿರುವ ಒಬ್ಬರು ಜೊತೆಗಿರಲಿ, ಗೇಮ್ ಗೊತ್ತಿರುವವರಿಗಿಂತ ಅವರು ಜಾಸ್ತಿ ಉಪಯೋಗ. ಬಣ್ಣ ಬೇಕಾದರೆ ಲೇಪಾಕ್ಷಿಯ ಚಾವಣಿ ನೋಡಿ, ವಿರೂಪಾಕ್ಷ ದೇವಸ್ಥಾನದಲ್ಲಿ ತಲೆ ಎತ್ತಿ ನೋಡಿ. ಕುಲಾವಿ ಟೊಪ್ಪಿಗೆ, ಸೀರೆಯ ಅಂಚು ಎಲ್ಲ ಲೇಪಾಕ್ಷಿಯಲ್ಲಿ ಸಿಗುತ್ತದೆ.

ಫೋಟೋ ತೆಗೆಯುವ ಖರ್ಚು ಉಳಿಸಬೇಕು ಅಂದರೆ ನನ್ನ 2,300 ಹಾರ್ಡ್ ಡಿಸ್ಕಿನಲ್ಲಿ ಸುಮ್ನೆ ಬಿದ್ದಿವೆ. ಮೆಸೇಜ್ ಹಾಕಿ, ಕಳಿಸುತ್ತೇನೆ. ಮೂಗು ಮಾತ್ರ ನೀವೇ ಮಾಡಿಕೊಳ್ಳಬೇಕು.